ಚಿರತೆಯ ಬೋನು ಮತ್ತು ವೋಲ್ಟೆರಾ ಸಮೀಕರಣ

ನುಗ್ಗೇಹಳ್ಳಿಯ ತೆಂಗಿನ ತೋಟವೊಂದರ ಬದುವಿನಲ್ಲಿ ಚಿರತೆಗೆಂದು ಬೋನು ಇಟ್ಟಿದ್ದ ವಾರವೇ ಅಲ್ಲಿ ನಡೆದ ವಿಜ್ಞಾನ ಶಿಕ್ಷಕರ ಸಭೆಯೊಂದಕ್ಕೆ ನಾನು ಹೋಗಿದ್ದೆ. ಆಂದೋಲನಗಳನ್ನು ತರಗತಿಯಲ್ಲಿ ಹೇಗೆ ವಿವರಿಸಬೇಕು ಎಂಬುದು ನನಗೆ ಕೊಟ್ಟಿದ್ದ ವಿಷಯ. ಲೋಲಕ, ಸ್ಪ್ರಿಂಗು ಎಲ್ಲ ಮುಗಿದ ಮೇಲೆ, ಜೀವಿಗಳ ಸಂಖ್ಯೆಯಲ್ಲೂ ಆಂದೋಲನ ಕಾಣುತ್ತದೆ ಎನ್ನುತ್ತಾ ಕಪ್ಪುಹಲಗೆಯ ಮೇಲೆ ಎರಡು ಅಲೆಗಳನ್ನು ಬರೆದೆ. ಒಂದು ಬಲಿಪ್ರಾಣಿಯದು, ಇನ್ನೊಂದು ಅದನ್ನು ತಿನ್ನುವ ಪರಭಕ್ಷಕದ್ದು.

ಹಿಂದಿನ ಸಾಲಿನ ಶಿಕ್ಷಕಿಯೊಬ್ಬರು ಎದ್ದು ಕೇಳಿದರು: ‘ಸಾರ್, ಚಿರತೆ ಹಿಡಿದು ದೂರದ ಕಾಡಿಗೆ ಬಿಟ್ಟರೆ ಊರಿನ ಕುರಿ ಮೇಕೆ ಉಳೀತವೆ, ಮೊಲ ನವಿಲೂ ಉಳೀತವೆ. ಇದರಲ್ಲಿ ತಪ್ಪೇನು?’ ಅವರ ಪಕ್ಕದವರು ತಕ್ಷಣ ‘ಪ್ರಕೃತಿಯ ಸಮತೋಲನ ಕೆಡುತ್ತೆ ಮೇಡಂ’ ಎಂದರು. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಚಹಾ ಬಂತು.

ನನ್ನ ತಕರಾರು ಇರುವುದು ಈ ತಲೆಯಾಡಿಸುವಿಕೆಯ ಬಗ್ಗೆ. ಪರಭಕ್ಷಕವನ್ನು ತೆಗೆದರೆ ದುರ್ಬಲ ಪ್ರಾಣಿಗಳು ಉಳಿಯುತ್ತವೆ ಎಂಬುದೂ, ತೆಗೆದರೆ ಸಮತೋಲನ ಕೆಡುತ್ತದೆ ಎಂಬುದೂ ಸಂಖ್ಯೆಗಳ ಬಗೆಗಿನ ಹೇಳಿಕೆಗಳು. ಆದರೆ ಎರಡನ್ನೂ ನಾವು ಸಂಖ್ಯೆಯಿಲ್ಲದೆ ಹೇಳುತ್ತೇವೆ. ಎಷ್ಟು ಹುಟ್ಟುತ್ತವೆ, ಎಷ್ಟನ್ನು ಪರಭಕ್ಷಕ ತಿನ್ನುತ್ತದೆ, ತಿನ್ನಲು ಸಿಗದಿದ್ದಾಗ ಪರಭಕ್ಷಕದ ಸಂಖ್ಯೆ ಇಳಿಯುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ಬೋನು ಇಡುವುದೂ ಬೋನು ಬೇಡವೆನ್ನುವುದೂ ಒಂದೇ ಬಗೆಯ ಊಹೆ.

ಮೊದಲು ಹಲಗೆಯ ಮೇಲಿದ್ದ ಅಲೆಗಳನ್ನೇ ತೆಗೆದುಕೊಳ್ಳೋಣ. ಮೊದಲ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಇಳಿದಿತ್ತು. ಆಗ ಮಾರುಕಟ್ಟೆಗೆ ಬಂದ ಮೀನುಗಳಲ್ಲಿ ಶಾರ್ಕ್‌ನಂಥ ಪರಭಕ್ಷಕಗಳ ಪಾಲು ಹೆಚ್ಚಾಗಿದ್ದುದನ್ನು ಉಂಬರ್ಟೊ ಡಿ’ಆಂಕೋನ ಗಮನಿಸಿದರು. ಕಾರಣ ಹುಡುಕುವಂತೆ ತಮ್ಮ ಮಾವ, ಗಣಿತಜ್ಞ ವಿಟೊ ವೋಲ್ಟೆರಾರನ್ನು ಕೇಳಿದರು. 1926ರಲ್ಲಿ ವೋಲ್ಟೆರಾ ಕೊಟ್ಟ ಎರಡು ಸಮೀಕರಣಗಳನ್ನು ಆಲ್‌ಫ್ರೆಡ್ ಲೋಟ್ಕ 1925ರಲ್ಲೇ ಬೇರೆ ದಾರಿಯಿಂದ ತಲುಪಿದ್ದರು. ಬಲಿಪ್ರಾಣಿ ತನ್ನಷ್ಟಕ್ಕೆ ವೃದ್ಧಿಯಾಗುತ್ತದೆ; ಎರಡೂ ಸಂಖ್ಯೆಗಳ ಗುಣಲಬ್ಧಕ್ಕೆ ಅನುಪಾತವಾಗಿ ತಿನ್ನಲ್ಪಡುತ್ತದೆ; ಪರಭಕ್ಷಕ ತಿಂದಷ್ಟಕ್ಕೆ ತಕ್ಕಂತೆ ಹೆಚ್ಚುತ್ತದೆ, ನಿಗದಿತ ದರದಲ್ಲಿ ಸಾಯುತ್ತದೆ. ಅಷ್ಟೇ.

ಈ ಸಮೀಕರಣಗಳನ್ನು ತರಗತಿಯಲ್ಲಿ ಬಿಡಿಸುವವರು ಸಾಮಾನ್ಯವಾಗಿ ಅಲೆಗಳನ್ನು ತೋರಿಸಿ ನಿಲ್ಲಿಸುತ್ತಾರೆ. ಅದರಾಚೆ ಇರುವ ಫಲಿತಾಂಶ ಇನ್ನೂ ಸ್ವಾರಸ್ಯಕರ. ಬದಲಾವಣೆಯ ದರಗಳನ್ನು ಸೊನ್ನೆಗೆ ಸಮ ಮಾಡಿ ನೋಡಿ. ಬಲಿಪ್ರಾಣಿಯ ಸರಾಸರಿ ಸಂಖ್ಯೆಯನ್ನು ನಿರ್ಧರಿಸುವುದು ಪರಭಕ್ಷಕದ ಸಾವಿನ ದರ. ಪರಭಕ್ಷಕದ ಸರಾಸರಿಯನ್ನು ನಿರ್ಧರಿಸುವುದು ಬಲಿಪ್ರಾಣಿಯ ವೃದ್ಧಿ ದರ. ಈಗ ಪರಭಕ್ಷಕವನ್ನು ಮಾತ್ರ ನಾವು ನಿರಂತರವಾಗಿ ಕೊಲ್ಲುತ್ತಾ ಹೋದೆವು ಎನ್ನಿ. ಬಲಿಪ್ರಾಣಿಯ ಸರಾಸರಿ ಏರುತ್ತದೆ, ನಿಜ. ಆದರೆ ಪರಭಕ್ಷಕದ ಸರಾಸರಿ ಕದಲುವುದೇ ಇಲ್ಲ! ಕೊಂದಷ್ಟೂ ಜಾಗ ತುಂಬುತ್ತಿರುತ್ತದೆ. ಮೇವಿಗೆ ಮಿತಿಯಿದೆ ಎಂಬ ಅಂಶವನ್ನು ಸೇರಿಸಿದರೆ ಈ ಫಲಿತಾಂಶ ಸಡಿಲವಾಗುತ್ತದೆ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ಆದರೂ ‘ತೆಗೆದರೆ ಕಡಿಮೆಯಾಗುತ್ತದೆ’ ಎಂಬ ಸಾಮಾನ್ಯ ಜ್ಞಾನವನ್ನು ಅಲುಗಾಡಿಸಲು ಇಷ್ಟು ಸಾಕು.

ಸಮೀಕರಣ ಬಿಟ್ಟು ನಮ್ಮ ಕಾಡಿಗೆ ಬರೋಣ. ಬ್ರಿಟಿಷರ ಕಾಲದಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯವರೆಗೆ ಸೀಳುನಾಯಿಯನ್ನು ಪೀಡೆಯೆಂದೇ ಎಣಿಸಲಾಗಿತ್ತು. ಕೊಂದವರಿಗೆ ಇನಾಮು ಸಿಗುತ್ತಿತ್ತು. ಶಿಕಾರಿಗೆ ಬೇಕಾದ ಜಿಂಕೆ, ಕಡವೆಗಳನ್ನು ಅದು ಮುಗಿಸಿಬಿಡುತ್ತದೆ ಎಂಬುದು ಕೊಡುತ್ತಿದ್ದ ಕಾರಣ. ಈ ಆರೋಪವನ್ನು ಪರೀಕ್ಷಿಸಲು ನಾಗರಹೊಳೆಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಕೆ.ಎಂ. ಚಿಣ್ಣಪ್ಪನವರಂಥ ಅರಣ್ಯಾಧಿಕಾರಿಗಳು ಅಲ್ಲಿ ಕಳ್ಳಬೇಟೆಯನ್ನು ಹತೋಟಿಗೆ ತಂದಾಗ ಬಲಿಪ್ರಾಣಿಗಳೂ ಪರಭಕ್ಷಕಗಳೂ ಜೊತೆಜೊತೆಯಾಗಿ ಹೆಚ್ಚಿದವು. ಹುಲಿ, ಚಿರತೆ, ಸೀಳುನಾಯಿ ಮೂರೂ ಅಲ್ಲಿವೆ. 1995ರಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ ಸುಮಾರು 91 ಕಿಲೋ, ಸೀಳುನಾಯಿಯದು 43, ಚಿರತೆಯದು 37. ಮೂರಕ್ಕೂ ಊಟ ಒದಗಿಸಿಯೂ ಕಾಡಿನಲ್ಲಿ ಜಿಂಕೆ ತುಂಬಿತ್ತು.

ಇದರ ಲೆಕ್ಕವನ್ನು ಯಾವ ವಿದ್ಯಾರ್ಥಿಯಾದರೂ ಮಾಡಬಹುದು. ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು. ಲಭ್ಯವಿರುವ ಪ್ರಾಣಿಗಳಲ್ಲಿ ಅದು ವರ್ಷಕ್ಕೆ ನೂರಕ್ಕೆ ಹತ್ತರಷ್ಟನ್ನು ಮಾತ್ರ ತೆಗೆಯುತ್ತದೆ ಎಂದಿಟ್ಟುಕೊಂಡರೆ ಒಂದು ಹುಲಿಯ ಹಿಂದೆ 500 ಪ್ರಾಣಿಗಳಿರಬೇಕು. ನಾಗರಹೊಳೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 56 ಗೊರಸಿನ ಪ್ರಾಣಿಗಳಿದ್ದವು; ನೂರು ಚದರ ಕಿಲೋಮೀಟರಿಗೆ 5,600. ಐನೂರರಿಂದ ಭಾಗಿಸಿದರೆ 11 ಹುಲಿ. ಕ್ಯಾಮೆರಾ ಟ್ರ್ಯಾಪ್‌ಗಳಿಂದ ಅಂದಾಜಾದದ್ದು ಸುಮಾರು 12. ಕಾರಂತ ಮತ್ತು ಸಂಗಡಿಗರು 2004ರಲ್ಲಿ ದೇಶದ ಹಲವು ಕಾಡುಗಳಿಗೆ ಈ ಸಂಬಂಧವನ್ನು ಒರೆಹಚ್ಚಿ ತೋರಿಸಿದರು. ಭೌತವಿಜ್ಞಾನದಲ್ಲೂ ಅಂದಾಜು ಲೆಕ್ಕ ಇಷ್ಟು ಹತ್ತಿರ ಬಂದರೆ ನಾವು ಸಂತೋಷಪಡುತ್ತೇವೆ. ಇಲ್ಲಿ ಪರಭಕ್ಷಕದ ಸಂಖ್ಯೆಗೆ ಬಲಿಪ್ರಾಣಿಯೇ ಕಡಿವಾಣ. ಇಂಥ ಕಡೆ ಜಿಂಕೆ ಉಳಿಸಲು ಸೀಳುನಾಯಿಯನ್ನು ಕೊಂದದ್ದು ವ್ಯರ್ಥ. ಕೋವಿ ಹಿಡಿದ ಮನುಷ್ಯ ಆ ಲೆಕ್ಕದಿಂದ ಹೊರಗುಳಿದಿದ್ದ.

‘ಸಮತೋಲನ’ವಾದಿಗಳೂ ಇಷ್ಟಕ್ಕೇ ಗೆದ್ದೆವೆಂದು ಭಾವಿಸಬಾರದು. ಪಾಠಗಳಲ್ಲಿ ಮತ್ತೆ ಮತ್ತೆ ಬರುವ ಅಮೆರಿಕದ ಕೈಬಾಬ್ ಕಥೆ ಇದೆಯಲ್ಲ: 1906ರಲ್ಲಿ ರಕ್ಷಿತ ಪ್ರದೇಶವಾಯಿತು, ಪರಭಕ್ಷಕಗಳನ್ನು ಕೊಂದರು, ಜಿಂಕೆ ನಾಲ್ಕು ಸಾವಿರದಿಂದ ಲಕ್ಷಕ್ಕೇರಿತು, ಮೇವಿಲ್ಲದೆ ಸತ್ತವು. 1970ರಲ್ಲಿ ಗ್ರೇಮ್ ಕಾಫ್ಲಿ ಮೂಲ ದಾಖಲೆ ತೆಗೆದು ನೋಡಿದಾಗ 1924ರ ಅಂದಾಜುಗಳು 30 ಸಾವಿರದಿಂದ ಒಂದು ಲಕ್ಷದವರೆಗೆ ಹರಡಿದ್ದವು. ಅದೇ ಕಾಲದಲ್ಲಿ ಅಲ್ಲಿ ಮೇಯುತ್ತಿದ್ದ ಕುರಿ, ದನಗಳೂ ಕಡಿಮೆಯಾಗಿದ್ದವು. ಒಮ್ಮೆಗೇ ಎರಡು ಚರಗಳು ಬದಲಾದ ಪ್ರಯೋಗ! 2006ರಲ್ಲಿ ಆಸ್ಪೆನ್ ಮರಗಳ ವಯಸ್ಸು ಎಣಿಸಿದವರು ಹಳೆಯ ಕಥೆಗೆ ಒಂದಷ್ಟು ಬೆಂಬಲ ಕೊಟ್ಟರು. ಈ ವಾದವಿವಾದವನ್ನೇ ಪಾಠ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನು ನಮ್ಮ ಬೋನು. ನುಗ್ಗೇಹಳ್ಳಿಯ ಚಿರತೆಗೆ ವೋಲ್ಟೆರಾರ ಸಮೀಕರಣವೂ ನಾಗರಹೊಳೆಯ ಲೆಕ್ಕವೂ ಸಲ್ಲವು. ಅದರ ಆಹಾರ ಕಾಡುಪ್ರಾಣಿಯಲ್ಲ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಗದ್ದೆಗಳ ನಡುವೆ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಆಹಾರದ ತೂಕದಲ್ಲಿ ಶೇ. 87 ಭಾಗ ಸಾಕುಪ್ರಾಣಿಗಳದ್ದಾಗಿತ್ತು. ನಾಯಿಯೊಂದೇ ಶೇ. 39. ಮೇಕೆ ಶೇ. 11 ಮಾತ್ರ, ಅದೂ ನಾಯಿಗಿಂತ ಮೇಕೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿದ್ದ ಊರುಗಳಲ್ಲಿ. ನಾಯಿಗೆ ಊಟ ಹಾಕುವವರು ನಾವು, ನಮ್ಮ ಕಸದ ಗುಂಡಿಗಳು. ಹಾಗಾಗಿ ಚಿರತೆಯೊಂದನ್ನು ತೆಗೆದರೂ ಆ ನೆಲ ಇನ್ನೊಂದು ಚಿರತೆಗೆ ಹಾಗೆಯೇ ತೆರೆದಿರುತ್ತದೆ.

ಒಯ್ದು ಬಿಟ್ಟ ಚಿರತೆಯ ಗತಿಯೇನು? ಮಹಾರಾಷ್ಟ್ರದ್ದೇ ಆದ ಜುನ್ನರ್ ಪ್ರದೇಶದಲ್ಲಿ ಇದರ ಪರೀಕ್ಷೆ, ಬಯಸದೆಯೇ, ನಡೆದುಹೋಗಿದೆ. 2001ರಲ್ಲಿ ದೊಡ್ಡ ಪ್ರಮಾಣದ ಸ್ಥಳಾಂತರ ಆರಂಭವಾಗುವ ಮೊದಲು ಅಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ. ನಂತರ 2003ರವರೆಗೆ ವರ್ಷಕ್ಕೆ 17. ಸಾವಿನಲ್ಲಿ ಮುಗಿದ ದಾಳಿಗಳ ಪಾಲು ಶೇ. 18ರಿಂದ 36ಕ್ಕೇರಿತು. ಪರಿಚಿತ ನೆಲದಿಂದ ಕಿತ್ತು ಸರಾಸರಿ 40 ಕಿಲೋಮೀಟರ್ ದೂರದಲ್ಲಿ ಬಿಟ್ಟ ಪ್ರಾಣಿ ಅಲ್ಲೇ ನಿಂತೀತೆಂದು ನಂಬಿದ್ದು ತಪ್ಪಾಗಿತ್ತು.

ಕರ್ನಾಟಕದ ಮಟ್ಟಿಗೆ, ಕನ್ನಡ ಪತ್ರಿಕೆಗಳ ಚಿರತೆ ವರದಿಗಳನ್ನು ಒಟ್ಟುಮಾಡಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ರಕ್ಷಿತಾರಣ್ಯಗಳ ಹೊರಗೇ ರಾಜ್ಯದ ಶೇ. 47ರಷ್ಟು ನೆಲದಲ್ಲಿ ಚಿರತೆಯಿದೆ ಎಂದು ಅದು ಅಂದಾಜಿಸಿತು. ವರದಿಯಾದ 56 ಸೆರೆಗಳಲ್ಲಿ ಶೇ. 91ರಷ್ಟು ಪ್ರಕರಣಗಳಲ್ಲಿ ಮನುಷ್ಯರ ಮೇಲಾಗಲಿ ಜಾನುವಾರುಗಳ ಮೇಲಾಗಲಿ ದಾಳಿಯೇ ನಡೆದಿರಲಿಲ್ಲ. ಕಂಡಿತು ಎಂದೋ, ಬಂದೀತು ಎಂಬ ಭಯಕ್ಕೋ ಹಿಡಿದದ್ದು. ಕಾಯ್ದೆಯ 11ನೇ ಸೆಕ್ಷನ್ ಮನುಷ್ಯರ ಪ್ರಾಣಕ್ಕೆ ಅಪಾಯವಾದ ಪ್ರಾಣಿಯ ಬಗ್ಗೆ ಮಾತಾಡುತ್ತದೆ, ಕಣ್ಣಿಗೆ ಬಿದ್ದ ಪ್ರಾಣಿಯ ಬಗ್ಗೆ ಅಲ್ಲ.

ಹಾಗೆಂದು ಭಯವನ್ನು ಲಘುವಾಗಿ ಕಾಣಲಾಗದು. 2022ರ ಕೊನೆ ಮತ್ತು 2023ರ ಆರಂಭದ ತಿಂಗಳಲ್ಲಿ ತಿ.ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅಂಥ ಕಡೆ ಬೋನು, ಅರಿವಳಿಕೆ, ಎಲ್ಲವೂ ಬೇಕು. ಸಂಜೆ ಟ್ಯೂಷನ್ ಮುಗಿಸಿ ತೋಟದ ದಾರಿಯಲ್ಲಿ ನಡೆದು ಬರುವ ಮಗುವಿನ ತಾಯಿಗೆ ಜುನ್ನರ್ ಅಂಕಿಅಂಶ ಓದಿ ಹೇಳಿ ಸಮಾಧಾನ ಮಾಡಲು ನನಗೂ ಬಾಯಿ ಬರುವುದಿಲ್ಲ. ಆದರೆ ತಪ್ಪು ಚಿರತೆಯನ್ನು ಹಿಡಿದು ಸರಿಯಾದದ್ದನ್ನು ಹಿಡಿದೆವೆಂದು ನಿಶ್ಚಿಂತರಾದರೆ ಆ ಮಗುವಿನ ಅಪಾಯವೇ ಹೆಚ್ಚುತ್ತದೆ.

ಪರಭಕ್ಷಕವನ್ನು ತೆಗೆಯಲೇಬೇಕಾದ ಸಂದರ್ಭವೂ ನಮ್ಮ ರಾಜ್ಯದಲ್ಲಿದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯ ಎರೆಭೂತ ಹಕ್ಕಿಗಳು ಉಳಿದಿವೆ. ದೊರೆವಾಯನ ಹಕ್ಕಿ ಎಂದೂ ಕರೆಯುತ್ತಾರೆ. ರಾಣೆಬೆನ್ನೂರಿನಲ್ಲಿ ಹಿಂದೆ ಇದ್ದವು. ಅಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯವೇನೋ ಆಯಿತು, ಆದರೆ ನೀಲಗಿರಿ ನೆಡುತೋಪಿನಲ್ಲಿ ಬಯಲುಹಕ್ಕಿ ಬಾಳುವುದು ಹೇಗೆ? ಹೆಣ್ಣುಹಕ್ಕಿ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ನಾಯಿ, ನರಿ, ಉಡ, ಕಾಗೆ ಎಲ್ಲವೂ ಅದರ ಶತ್ರುಗಳು. ನಾಗರಹೊಳೆಯ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ. ಹತ್ತು ಹಕ್ಕಿಗೆ ಹತ್ತು ಮೊಟ್ಟೆ. ಐದು ಹೋದರೆ ಆ ವರ್ಷದ ಹುಟ್ಟಿನ ಅರ್ಧವೇ ಹೋಯಿತು. ಹಕ್ಕಿ ಕಡಿಮೆಯಾಯಿತೆಂದು ನಾಯಿ ಕಡಿಮೆಯಾಗುವುದಿಲ್ಲ. ಅದರ ಊಟ ಬೇರೆ ಕಡೆಯಿಂದ ಬರುತ್ತಿದೆ. ಸಮೀಕರಣದಲ್ಲಿದ್ದ ಫೀಡ್‌ಬ್ಯಾಕ್ ಕೊಂಡಿ ಇಲ್ಲಿ ಕತ್ತರಿಸಿಹೋಗಿದೆ, ಕತ್ತರಿಸಿದವರು ನಾವು. 2019ರ ಜಾನುವಾರು ಗಣತಿಯಲ್ಲಿ ದೇಶದ ಬೀದಿನಾಯಿಗಳ ಸಂಖ್ಯೆ 1.53 ಕೋಟಿ, ಕಾಡಿನಲ್ಲಿ ಉಳಿದ ಎರೆಭೂತಗಳು ನೂರೈವತ್ತರೊಳಗೆ.

ಇಂಥಲ್ಲಿ ‘ಪ್ರಕೃತಿಯ ಪಾಡಿಗೆ ಬಿಡಿ’ ಎನ್ನುವುದು ಹಕ್ಕಿಯನ್ನು ಕೈಬಿಟ್ಟಂತೆ. ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಪರಭಕ್ಷಕಗಳು ನುಸುಳದಂತೆ ಬೇಲಿಯ ಆವರಣಗಳನ್ನು ಮಾಡಿದ್ದಾರೆ. ನಮ್ಮಲ್ಲೂ ಮೊದಲು ಸತ್ತ ದನ ಎಸೆಯುವ ತಾಣಗಳು ಮುಚ್ಚಬೇಕು, ಗೂಡಿನ ನೆಲದಿಂದ ನಾಯಿ ಹೊರಹೋಗಬೇಕು. ನರಿ, ಉಡಗಳೂ ಆ ಬಯಲಿನವೇ. ಅವುಗಳ ಸರದಿ ಕೊನೆಗೆ, ಲೆಕ್ಕ ಕೇಳಿದರೆ ಮಾತ್ರ. ಮೊಟ್ಟೆ ಕಾದರೂ ದೊಡ್ಡ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿದ್ದರೆ ಶ್ರಮವೆಲ್ಲ ನೀರುಪಾಲು. ತಂತಿಗಳನ್ನು ನೆಲದಡಿ ಹಾಕುವಂತೆ 2021ರಲ್ಲಿ ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಸಡಿಲಿಸಿತು. ದೀರ್ಘಾಯುಷಿ ಹಕ್ಕಿಯಲ್ಲಿ ವಯಸ್ಕ ಹಕ್ಕಿಯೊಂದರ ಸಾವು ಹಲವು ಮೊಟ್ಟೆಗಳ ನಷ್ಟಕ್ಕೆ ಸಮ ಎಂಬ ಸರಳ ಗಣಿತ ಆ ಚರ್ಚೆಯಲ್ಲಿ ಇನ್ನೂ ಹೆಚ್ಚು ಕೇಳಿಬರಬೇಕಿತ್ತು.

ಚಹಾದ ನಂತರ ಆ ಶಿಕ್ಷಕಿಗೆ ನಾನು ಇಷ್ಟನ್ನೂ ಹೇಳಲಾಗಲಿಲ್ಲ. ಬದಲಿಗೆ ಎಂಟನೇ ತರಗತಿಯವರಿಗೆ ಒಂದು ನೋಟ್‌ಬುಕ್ ಕೊಡುವಂತೆ ಕೋರಿದೆ. ಕೋಳಿ ಅಂಗಡಿಯ ತ್ಯಾಜ್ಯ ಬೀಳುವ ಜಾಗದಲ್ಲಿ ಹಗಲು ಹೊತ್ತಿನಲ್ಲೇ ಎಷ್ಟು ನಾಯಿ. ಊರಿನ ಎಷ್ಟು ಕುರಿ ಕೊಟ್ಟಿಗೆಗೆ ಗಟ್ಟಿ ಬಾಗಿಲಿದೆ. ಕಳೆದುಹೋದ ಮೇಕೆಗಳಲ್ಲಿ ಎಷ್ಟು ಕಟ್ಟಿದ ಜಾಗದಿಂದ, ಎಷ್ಟು ಮೇಯುವಾಗ. ಬೋನು ಇಡುವ ಮುಂಚಿನ ಮೂರು ತಿಂಗಳದ್ದನ್ನು ಮನೆಮನೆ ಕೇಳಿ ಬರೆಯಬೇಕು, ಮುಂದಿನ ಮೂರು ತಿಂಗಳದ್ದನ್ನು ವಾರವಾರ ಬರೆಯಬೇಕು. ‘ಚಿರತೆ ಕಂಡದ್ದನ್ನೂ ಬರೀಬೇಕಾ ಸಾರ್?’ ಎಂದರು. ಬರೆಯಿರಿ, ಆದರೆ ಬೇರೆ ಕಲಮಿನಲ್ಲಿ ಎಂದೆ.