ಪೋಸ್ಟರಿನಲ್ಲಿ ಇಲ್ಲದ ಸಾಲು

2009ರ ಆಗಸ್ಟ್. ಹಂದಿ ಜ್ವರಕ್ಕೆ ದೇಶದ ಮೊದಲ ಸಾವು ಪುಣೆಯಲ್ಲಾದ ವಾರವೇ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನ ಲಿಫ್ಟ್ ಪಕ್ಕ ಪೋಸ್ಟರ್ ಬಂತು. ಕೆಮ್ಮುವಾಗ ಬಾಯಿಗೆ ಕರ್ಚೀಫು ಹಿಡಿಯಿರಿ, ಸೋಪು ಹಾಕಿ ಕೈ ತೊಳೆಯಿರಿ, ಜ್ವರ ಬಂದರೆ ಮನೆಯಲ್ಲೇ ಇರಿ. ಒಂದೂ ತಪ್ಪಿಲ್ಲ. ಆದರೂ ನನ್ನ ಪ್ರಕಾರ ಅದು ಸೋತ ಬರಹ.

ಮೊದಲನೆಯದಾಗಿ, ಇದ್ದದ್ದು ಇಂಗ್ಲಿಷಿನಲ್ಲಿ. ಲಿಫ್ಟಿನ ಗುಂಡಿಗಳನ್ನು ದಿನಾ ಒರೆಸುವ ಹೌಸ್‌ಕೀಪಿಂಗ್ ಅಕ್ಕ ಕೇಳಿದರು: "ಏನ್ ಬರ್ದಿದಾರೆ ಸಾರ್? ಹಂದಿ ಮಾಂಸ ತಿನ್ಬಾರ್ದಂತಾ?" ಹೆಸರಷ್ಟೇ ಹಂದಿಯದು. ಎಚ್‌1ಎನ್‌1 ಹರಡುವುದು ಮನುಷ್ಯರ ಕೆಮ್ಮು, ಸೀನು, ಅದು ತಾಗಿದ ಕೈಯಿಂದ; ಬೇಯಿಸಿದ ಮಾಂಸದಿಂದಲ್ಲ.

ಎರಡನೆಯದು, 'ಮನೆಯಲ್ಲೇ ಇರಿ' ಅಂದದ್ದು ಯಾರಿಗೆ? ಸೋಂಕು ತಗುಲಿದವರು ಜ್ವರ ಕಾಣಿಸುವ ಹಿಂದಿನ ದಿನದಿಂದ ಸುಮಾರು ಒಂದು ವಾರ ಅದನ್ನು ಹರಡಬಲ್ಲರು. ದಿನಗೂಲಿಯ ಅಕ್ಕ, ಟ್ರಿಪ್ ಲೆಕ್ಕದ ಕ್ಯಾಬ್ ಡ್ರೈವರು ಅಷ್ಟು ದಿನ ಹೇಗ್ರೀ ಮನೇಲಿ ಕೂರ್ತಾರೆ? ನಾನೇನೂ ಸಾಚಾ ಅಲ್ಲ. ಸಿಕ್ ಲೀವ್ ಇದ್ದೂ ರಿಲೀಸ್ ವಾರದಲ್ಲಿ ಪ್ಯಾರಾಸಿಟಮಾಲ್ ನುಂಗಿ, ಕಿಟಕಿ ಮುಚ್ಚಿದ ಎಸಿ ಕ್ಯಾಬಿನಲ್ಲಿ ಐದು ಜನರ ಜೊತೆ ಕೆಮ್ಮುತ್ತಾ ಬಂದಿದ್ದೇನೆ.

ಪೋಸ್ಟರಿಗೆ ಬೇಕಿದ್ದದ್ದು ಇನ್ನೊಂದೇ ಸಾಲು, ಅದೂ ಕನ್ನಡದಲ್ಲಿ: ಜ್ವರ ಇದ್ರೆ ಬರಬೇಡಿ, ಸಂಬಳ ಕಟ್ ಆಗಲ್ಲ.