ಮೆಲಟೋನಿನ್ ಔಷಧಗಳು ಮತ್ತು ಮುಸ್ಸಂಜೆಯಿಲ್ಲದ ಕೋಶಗಳು

ಕತ್ತಲಾದೊಡನೆ ನಮ್ಮ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆಂದು ನೀವು ಓದಿರಬಹುದು. ದನಗಳ ಪೀನಿಯಲ್ ಗ್ರಂಥಿಗಳಿಂದ ಅದನ್ನು 1958ರಲ್ಲಿ ಬೇರ್ಪಡಿಸಿದವರು ಯೇಲ್ ವಿಶ್ವವಿದ್ಯಾಲಯದ ಏರನ್ ಲರ್ನರ್. ಮನುಷ್ಯನ ದೇಹದಲ್ಲಿ ಅದನ್ನು ಗುರುತಿಸುವ ಗ್ರಾಹಕಗಳು ಎರಡು: ಎಂಟಿ1 ಮತ್ತು ಎಂಟಿ2. ಇವುಗಳ ಜೀನ್‌ಗಳು 1994-95ರಲ್ಲಿ ವಿಜ್ಞಾನಿಗಳ ಕೈಸೇರಿದವು. ಅಂದಿನಿಂದ ಈ ಬಗೆಯ ಔಷಧಗಳನ್ನು ಮೊದಲು ಪರೀಕ್ಷಿಸುವುದು ಈ ಜೀನ್‌ಗಳನ್ನು ಸೇರಿಸಿ ಬೆಳೆಸಿದ ಕೋಶಗಳಲ್ಲಿ. ವಿಧಾನದ ಬಗ್ಗೆ ನನ್ನ ತಕರಾರಿಲ್ಲ. ಅದರ ಅಂಕಿಗಳನ್ನು ನಾವು ಓದುವ ರೀತಿಯ ಬಗ್ಗೆ ಇದೆ.

ಹೆಚ್ಚಾಗಿ ಬಳಕೆಯಲ್ಲಿರುವ ಸೆಲ್ ಲೈನ್‌ಗಳು ಎರಡು. ಸಿಎಚ್‌ಒ ಎಂಬುದು ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದ್ದು. ಎಚ್‌ಇಕೆ293 ಎಂಬುದು ಮಾನವ ಭ್ರೂಣದ ಮೂತ್ರಪಿಂಡದ್ದು. ಗ್ರಾಹಕದ ಜೀನ್ ಸೇರಿಸಿ, ಅದನ್ನು ಪಡೆದ ಕೋಶಗಳನ್ನಷ್ಟೇ ಉಳಿಸಿಕೊಂಡು ಬೆಳೆಸುತ್ತಾರೆ. ಬಳಿಕ ಫೋರ್ಸ್‌ಕೋಲಿನ್ ಹಾಕಿ ಕೋಶದೊಳಗಿನ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತಾರೆ. (ಇದು ಕೋಲಿಯಸ್ ಜಾತಿಯ ಗಿಡದ ಬೇರಿನಿಂದ ಬಂದದ್ದು; ನಮ್ಮಲ್ಲಿ ಅದು ಮಾಕಂದಿ ಬೇರು.) ಪರೀಕ್ಷೆಗಿಟ್ಟ ಅಣು ಮೆಲಟೋನಿನ್‌ನಂತೆ ವರ್ತಿಸಿದರೆ ಆ ಮಟ್ಟ ಇಳಿಯುತ್ತದೆ. ಎಷ್ಟು ಇಳಿಯಿತೆಂಬುದೇ ಅಳತೆ.

ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಯೊಂದಿದೆ. ಗ್ಯಾಲ್ವನೋಮೀಟರಿನ ಮುಳ್ಳು ಅಂಚಿಗೆ ತಗಲಿ ನಿಂತ ಮೇಲೆ ವಿದ್ಯುತ್ ಪ್ರವಾಹ ಎರಡು ಪಟ್ಟಾದರೇನು, ಮೂರು ಪಟ್ಟಾದರೇನು? ತೋರುವುದು ಒಂದೇ. ಸಹಜ ಅಂಗಾಂಶದಲ್ಲಿ ಮೆಲಟೋನಿನ್ ಗ್ರಾಹಕಗಳು ಬಹಳ ವಿರಳ. ಮಾರ್ಪಡಿಸಿದ ಕೋಶದಲ್ಲಾದರೋ ಅವು ಕಿಕ್ಕಿರಿದಿರಬಹುದು. ಆಗ ಕೆಲವೇ ಗ್ರಾಹಕಗಳು ಚುರುಕಾದರೂ ಕೋಶದ ಪ್ರತಿಕ್ರಿಯೆ ತನ್ನ ಗರಿಷ್ಠ ಮಟ್ಟ ಮುಟ್ಟುತ್ತದೆ. ಅರೆಬರೆ ಪರಿಣಾಮದ ಅಣುವೂ ಪೂರ್ಣ ಪರಿಣಾಮದ್ದೆಂಬಂತೆ ಕಾಣುತ್ತದೆ. ಆದ್ದರಿಂದ ಗ್ರಾಹಕಗಳ ಸಾಂದ್ರತೆ ಎಷ್ಟೆಂದು ಹೇಳದೆ ಕೊಟ್ಟ ಫಲಿತಾಂಶ, ಮಾಪನಾಂಕ ನಿರ್ಣಯಿಸದ ಉಪಕರಣದ ಓದಿನಂತೆಯೇ.

ರಾಮೆಲ್ಟಿಯಾನ್ ಎಂಬ ಔಷಧವನ್ನು ನೋಡಿ. ಸಿಎಚ್‌ಒ ಕೋಶಗಳಲ್ಲಿನ ಮಾನವ ಗ್ರಾಹಕಗಳಿಗೆ ಅದು ಮೆಲಟೋನಿನ್‌ಗಿಂತ ಹಲವು ಪಟ್ಟು ಬಲವಾಗಿ ಅಂಟುತ್ತದೆ. 2005ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. ಆದರೆ ಯುರೋಪಿನ ಔಷಧ ಸಮಿತಿ 2008ರಲ್ಲಿ ಒಪ್ಪಲಿಲ್ಲ. ಸಹಜ ಪರಿಸರದಲ್ಲಿ ನಡೆದ ಮೂರು ಪರೀಕ್ಷೆಗಳಲ್ಲಿ ಒಂದರಲ್ಲಿ ಮಾತ್ರ ರೋಗಿಗಳು ಗಮನಾರ್ಹವಾಗಿ ಬೇಗ ನಿದ್ರಿಸಿದ್ದರು. ಆ ವ್ಯತ್ಯಾಸವೂ ತೀರಾ ಚಿಕ್ಕದೆಂದು ಸಮಿತಿ ಹೇಳಿತು. ಕಂಪೆನಿ ಅರ್ಜಿಯನ್ನು ಹಿಂತೆಗೆದುಕೊಂಡಿತು. ಅಂಟುವ ಬಲವೇ ನಿದ್ರೆಯ ಅಳತೆಯಲ್ಲ.

2020ರ ಒಂದು ಸಂಶೋಧನೆ ಇನ್ನೂ ಸ್ವಾರಸ್ಯಕರ. ಎಂಟಿ1 ಗ್ರಾಹಕದ ರಚನೆ 2019ರಲ್ಲಿ ಪ್ರಕಟವಾಗಿತ್ತು. ಅದಕ್ಕೆ 15 ಕೋಟಿಗೂ ಹೆಚ್ಚು ಅಣುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದರು. 38ನ್ನು ತಯಾರಿಸಿ ಪರೀಕ್ಷಿಸಿದರು. ಅವುಗಳಿಂದ ಹೊರಟು ದೊರೆತ ಎರಡು ಅಣುಗಳು ಕೋಶಗಳಲ್ಲಿ ಮೆಲಟೋನಿನ್‌ಗೆ ತದ್ವಿರುದ್ಧವಾಗಿ ವರ್ತಿಸಿದವು. ಬೆಳಕು-ಕತ್ತಲಿನ ವೇಳೆ ಬದಲಿಸಿದ ಪ್ರಯೋಗದಲ್ಲಿ ಸಣ್ಣ ಇಲಿಗಳಲ್ಲೂ ಹಾಗೆಯೇ. ಆದರೆ ಇಲಿಯ ದೇಹಕ್ಕೆ ಮುಸ್ಸಂಜೆಯಾಗಿದ್ದಾಗ ಕೊಟ್ಟರೆ, ಅದೇ ಅಣುಗಳು ಮೆಲಟೋನಿನ್‌ನಂತೆಯೇ ಜೈವಿಕ ಗಡಿಯಾರವನ್ನು 1.3ರಿಂದ 1.5 ಗಂಟೆಯಷ್ಟು ಮುಂದಕ್ಕೆ ಸರಿಸಿದವು! ಎಂಟಿ1 ಜೀನ್ ಇಲ್ಲದ ಇಲಿಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ಹಾಗಾಗಿ ಅಣು ಬೇರೆಲ್ಲೋ ತಗಲಿತೆಂದು ಜಾರಿಕೊಳ್ಳುವಂತಿಲ್ಲ. ಅದೇ ಗ್ರಾಹಕ, ಅದೇ ಅಣು; ತಟ್ಟೆಯಲ್ಲಿ ಬೆಳೆದ ಕೋಶಕ್ಕೆ ಮಾತ್ರ ಮುಸ್ಸಂಜೆಯೆಂಬುದಿಲ್ಲ.

ವೇಳೆಯ ಈ ಮಹತ್ವ ಹೊಸದೇನಲ್ಲ. ಇಲಿಯ ಮಿದುಳಿನಲ್ಲಿ ಗಡಿಯಾರದಂತೆ ಕೆಲಸ ಮಾಡುವ ಭಾಗವನ್ನು ತೆಳುವಾಗಿ ಕೊಯ್ದು ಜೀವಂತವಾಗಿಟ್ಟು, ಮೆಲಟೋನಿನ್ ದಿನದ ಕೆಲವು ಹೊತ್ತಿನಲ್ಲಷ್ಟೇ ಅದರ ಲಯವನ್ನು ಸರಿಸುತ್ತದೆಂದು 1990ರ ದಶಕದ ಆರಂಭದಲ್ಲೇ ತೋರಿಸಲಾಗಿತ್ತು. ಅಂಥ ಪ್ರಯೋಗಕ್ಕೆ ದಿನಗಳೇ ಬೇಕು, ಸಾವಿರಾರು ಅಣುಗಳನ್ನು ಹೀಗೆ ನೋಡಲಾಗದು. ಮಾರ್ಪಡಿಸಿದ ಕೋಶಗಳು ಅಲ್ಲಿ ಒಳ್ಳೆಯ ಜರಡಿ. ಜರಡಿಯಲ್ಲಿ ಉಳಿದದ್ದನ್ನು ತೂಗಲು ತಕ್ಕಡಿ ಬೇರೆಯೇ ಬೇಕು.