ಪದವಿ ಮತ್ತು ದುಡಿಮೆ: ತಪ್ಪಿದ ಅಳತೆ

ಬೆಂಗಳೂರಿನಿಂದ ಕೋಲಾರಕ್ಕೆ ಹೆದ್ದಾರಿಯಲ್ಲಿ ಬರುವಾಗ ನರಸಾಪುರ ಕೈಗಾರಿಕಾ ಪ್ರದೇಶವನ್ನು ನೀವು ನೋಡಿರಬಹುದು. ಅಲ್ಲಿ ದ್ವಿಚಕ್ರ ವಾಹನಗಳೂ ಮೊಬೈಲ್ ಫೋನುಗಳೂ ತಯಾರಾಗುತ್ತವೆ. ಹೆಂಚಿಗೆ ಹೆಸರಾದ ಮಾಲೂರಿನಲ್ಲೂ ಬಗೆಬಗೆಯ ಕಾರ್ಖಾನೆಗಳಿವೆ. ಮುಳಬಾಗಿಲು, ಶ್ರೀನಿವಾಸಪುರಗಳ ಪದವೀಧರರೂ ಕೆಲಸ ಹುಡುಕಿಕೊಂಡು ಇತ್ತ ಬರುತ್ತಾರೆ. ಆದರೂ ‘ನಿಮ್ಮ ಬಿ.ಎಸ್ಸಿ. ಹುಡುಗರಿಗೆ ಕೆಲಸ ಬರುವುದಿಲ್ಲ’ ಎಂಬ ದೂರು ನಿಂತಿಲ್ಲ.

ಇದಕ್ಕೆ ನಾವು ಕಂಡುಕೊಂಡ ಪರಿಹಾರವೇನು? 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. ಜೊತೆಗೆ ‘ಡಿಜಿಟಲ್ ಫ್ಲುಯೆನ್ಸಿ’ಯಂಥ ಕೌಶಲ ಪತ್ರಿಕೆಗಳು ಬಂದವು. 2024-25ರಲ್ಲಿ ರಾಜ್ಯವು ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಎರಡು ಸಲ ಬದಲಾಯಿತು. ಪ್ರಯೋಗಶಾಲೆಯ ಹಳೆಯ ಚಾಳಿ ಬದಲಾಗಲಿಲ್ಲ.

ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.4 ಎಂದು ಬಂದರೆ ವಿದ್ಯಾರ್ಥಿ ತನ್ನ ಅಳತೆಗಳನ್ನು ತಿದ್ದಿ 9.8 ಮಾಡುತ್ತಾನೆ. ಗೊತ್ತಿದ್ದೂ ನಾವು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುತ್ತೇವೆ. ನಾನೂ ಹಾಕಿದ್ದೇನೆ. ಈಗ ಕಾರ್ಖಾನೆಯನ್ನು ಊಹಿಸಿಕೊಳ್ಳಿ. 10 ಮಿಲಿಮೀಟರ್ ವ್ಯಾಸದ ದಂಡದಲ್ಲಿ 0.02 ಮಿ.ಮೀ. ಹೆಚ್ಚುಕಡಿಮೆಗೆ ಅವಕಾಶವಿದೆ ಎನ್ನೋಣ. ಸ್ಕ್ರೂಗೇಜು 10.03 ತೋರಿಸಿದರೆ ಮೊದಲು ಉಪಕರಣದ ಶೂನ್ಯ ದೋಷವನ್ನು ಪರೀಕ್ಷಿಸಬೇಕು. ಅದು ಇಲ್ಲವೆಂದಾದರೆ ದಂಡವನ್ನು ತಿರಸ್ಕರಿಸಬೇಕು. ಕಾಲೇಜಿನ ಅಭ್ಯಾಸದಂತೆ 10.02 ಎಂದು ಬರೆದರೆ ಕೆಟ್ಟ ಭಾಗವೊಂದು ಗಾಡಿಯೊಳಗೆ ಸೇರುತ್ತದೆ. ಇದನ್ನು ಕಲಿಸಲು ಹೊಸ ಪತ್ರಿಕೆ ಬೇಡ; ಮೊದಲ ಸೆಮಿಸ್ಟರಿನ ಪ್ರಯೋಗಗಳೇ ಸಾಕು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳನ್ನು ಪತ್ತೆಮಾಡಿದ ಜಿಲ್ಲೆ ನಮ್ಮದು. ಅಪರೂಪಕ್ಕೆ ಸಿಗುವ ಅಂಥ ಕುರುಹನ್ನು ಕಂಡದ್ದನ್ನು ಕಂಡಂತೆ ಬರೆಯುವವರು ಮಾತ್ರ ಹಿಡಿಯಬಲ್ಲರು.

ಹಾಗಾದರೆ ತಪ್ಪೆಲ್ಲ ಕಾಲೇಜಿನದೇ? 2020ರ ಡಿಸೆಂಬರ್ 12ರಂದು, ಆಗ ವಿಸ್ಟ್ರಾನ್ ನಡೆಸುತ್ತಿದ್ದ ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರವಾಗಿ ಗಲಭೆಯಾಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು. ಗಲಭೆಯಲ್ಲಿ ನಡೆದ ಹಾನಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಮೈಕ್ರಾನ್ ಲೆಕ್ಕದಲ್ಲಿ ಭಾಗಗಳನ್ನು ಅಳೆಯುವ ಉದ್ಯಮ, ದುಡಿದವರ ಗಂಟೆಗಳನ್ನೂ ಅಷ್ಟೇ ನಿಷ್ಠೆಯಿಂದ ಅಳೆಯಬೇಡವೇ?

ಹೊಂದಾಣಿಕೆ ಎರಡೂ ಕಡೆಯಿಂದ ಆಗಬೇಕು. ಕಾಲೇಜುಗಳು ‘ಸರಿಯುತ್ತರ’ಕ್ಕೆ ಕೊಡುವ ಅಂಕವನ್ನು ದೋಷದ ಲೆಕ್ಕಾಚಾರಕ್ಕೆ ಕೊಡಲಿ. ಮುಳಬಾಗಿಲು, ಶ್ರೀನಿವಾಸಪುರಗಳ ವಿದ್ಯಾರ್ಥಿಗಳು ತಮ್ಮ ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆಯೇ ಎಂದು ಅಳೆಯಲಿ; ಅದೂ ಕೆಲಸಕ್ಕೆ ಬರುವ ವಿದ್ಯೆಯೇ. ಉದ್ಯಮಗಳು ತಮ್ಮ ಗುಣಮಟ್ಟ ಪರೀಕ್ಷಾ ಕೊಠಡಿಗಳನ್ನು ವಿದ್ಯಾರ್ಥಿಗಳಿಗೆ ತೆರೆಯಲಿ. ಕೆಲಸವೇನು, ಸಂಬಳವೆಷ್ಟು ಎಂಬುದನ್ನು ಮೊದಲೇ ಲಿಖಿತವಾಗಿ ತಿಳಿಸಲಿ.

ಮುಂದಿನ ಸಲ ನಿಮ್ಮ ಮಗನೋ ಮಗಳೋ ರೆಕಾರ್ಡ್ ಪುಸ್ತಕ ತಂದಾಗ ಒಂದು ಪ್ರಶ್ನೆ ಕೇಳಿ ನೋಡಿ: ಈ ಅಂಕಿಯನ್ನು ನೀನು ಅಳೆದೆಯೋ, ಬರೆದೆಯೋ?